ಅರ್ಥಿಂಗ್, ಎಂಸಿಬಿ, ಆರ್‌ಸಿಸಿಬಿ: ಯಾವುದು ಯಾವಾಗ ಕೆಲಸ ಮಾಡುತ್ತದೆ?

ಸೂಪರ್‌ವೈಸರ್ ಪರ್ಮಿಟ್ ಪರೀಕ್ಷೆಗೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಓಮ್ಸ್ ಲಾ, ಫೇಸ್, ನ್ಯೂಟ್ರಲ್, ಎಂಸಿಬಿ ಕರ್ವ್ ಇವೆಲ್ಲ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ. ಲೀಕೇಜ್ ರಕ್ಷಣೆಯ ಪಾಠದಲ್ಲಿ ಸಿಕ್ಕಿಹಾಕಿಕೊಳ್ಳುವುದು ಮುಖ್ಯವಾಗಿ ಎರಡು ಕಡೆ. ಅರ್ಥಿಂಗ್ ಚೆನ್ನಾಗಿದ್ದರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಸರ್ಕ್ಯೂಟ್ ಕತ್ತರಿಸುವ ಸ್ವಿಚ್) ಬಿದ್ದೇ ಬೀಳುತ್ತದೆ ಅನ್ನುವ ನಂಬಿಕೆ ಒಂದು. ತ್ರೀ ಫೇಸ್ ಲೋಡ್ ಸಮ ಇಲ್ಲದಿದ್ದರೆ ಆರ್‌ಸಿಸಿಬಿ (ಕರೆಂಟ್ ಭೂಮಿಗೆ ಸೋರಿದರೆ ಸಪ್ಲೈ ಕತ್ತರಿಸುವ ಸಾಧನ) ಟ್ರಿಪ್ ಆಗಬೇಕಲ್ವಾ ಅನ್ನುವ ಗೊಂದಲ ಇನ್ನೊಂದು. ಎರಡನೆಯದು ನನ್ನನ್ನು ಸಾಕಷ್ಟು ಸತಾಯಿಸಿತು, ಹಾಗಾಗಿ ಅದಕ್ಕೆ ಜಾಗವೂ ಜಾಸ್ತಿ.

ಮೈಗೆ ಎಷ್ಟು ಕರೆಂಟ್

ಅರ್ಧ ಮಿಲಿಆಂಪಿಯರ್ ಹರಿದರೆ ಜುಮ್ ಅನ್ನುತ್ತದೆ. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಹಿಡಿದ ಕೈ ಬಿಡಿಸಿಕೊಳ್ಳಲು ಕಷ್ಟ. ಕ್ಯಾಲಿಫೋರ್ನಿಯಾದ ಪ್ರೊಫೆಸರ್ ಚಾರ್ಲ್ಸ್ ಡಾಲ್ಜೀಲ್ ಜನರ ಮೇಲೆಯೇ ಇದನ್ನು ಅಳೆದಿದ್ದರು. ಕೈ ಬಿಡಿಸಿಕೊಳ್ಳಲು ಆಗುವ ಮಿತಿ ಗಂಡಸರಿಗೆ ಸರಾಸರಿ 16, ಹೆಂಗಸರಿಗೆ 10.5 ಮಿಲಿಆಂಪಿಯರ್ ಎಂದು ಅವರಿಗೆ ಸಿಕ್ಕಿತು. ಅಮೆರಿಕದಲ್ಲಿ ಸಾಕೆಟ್‌ಗೆ ಹಾಕುವ, ಆರ್‌ಸಿಸಿಬಿಯಂಥದ್ದೇ ಆದ ಜಿಎಫ್‌ಸಿಐ 4ರಿಂದ 6 ಮಿಲಿಆಂಪಿಯರ್‌ಗೇ ಟ್ರಿಪ್ ಆಗುವುದರ ಹಿಂದೆ ಈ ಲೆಕ್ಕವೇ ಇದೆ. ನಮ್ಮಲ್ಲಿ, ಯುರೋಪಿನಲ್ಲಿ ಜೀವ ಉಳಿಸುವ ಅಂಕಿ 30 ಮಿಲಿಆಂಪಿಯರ್. ಅದರ ಮೇಲೆ ಎಷ್ಟು ಹೊತ್ತು ಹರಿಯಿತು ಅನ್ನುವುದರ ಮೇಲೆ ಹೃದಯದ ಗತಿ ನಿಂತಿದೆ.

ಬೆವರಿದ ಮೈಗೆ ಸುಮಾರು 1000 ಓಮ್ ಅಂತ ಇಟ್ಟುಕೊಳ್ಳಿ. 230 ವೋಲ್ಟ್‌ಗೆ 230 ಮಿಲಿಆಂಪಿಯರ್. ಹಳೆಯ 60 ವಾಟ್ ಬಲ್ಬ್ ಎಳೆಯುವ ಕರೆಂಟಿಗಿಂತಲೂ ಇದು ಕಡಿಮೆ. 16 ಆಂಪಿಯರ್ ಎಂಸಿಬಿ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಂಸಿಬಿ ಇರುವುದು ಕೇಬಲ್ ಉಳಿಸಲು, ಮನುಷ್ಯನನ್ನು ಉಳಿಸಲು ಅಲ್ಲ.

ಅರ್ಥಿಂಗ್ ಇದೆ, ಎಂಸಿಬಿ ಇದೆ, ಆದರೂ?

ಒಂದು ಸಣ್ಣ ಶೆಡ್ ತೆಗೆದುಕೊಳ್ಳಿ. ಲೈನಿನಿಂದ ಫೇಸ್, ನ್ಯೂಟ್ರಲ್ ಬಂದಿವೆ. ಅರ್ಥಿಂಗ್ ಮಾತ್ರ ಶೆಡ್‌ನ ಹಿಂದಿನ ಗುಂಡಿಯದ್ದು. ಇದು ಟಿಟಿ ಸಿಸ್ಟಂ. ಗುಂಡಿಯ ರೆಸಿಸ್ಟೆನ್ಸ್ 8 ಓಮ್, ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್‌ನ ಅರ್ಥಿಂಗ್ 2 ಓಮ್ ಇರಲಿ. ಬೆಂಚ್ ಗ್ರೈಂಡರ್‌ನ ಒಳಗೆ ಫೇಸ್ ವೈರ್‌ನ ಇನ್ಸುಲೇಷನ್ ಸವೆದು ಬಾಡಿಗೆ ತಾಗಿತು. ಅದರ ಸರ್ಕ್ಯೂಟಿಗೆ ಸಿ ಕರ್ವ್‌ನ 16 ಆಂಪಿಯರ್ ಎಂಸಿಬಿ.

ಫಾಲ್ಟ್ ಕರೆಂಟ್: 230 ÷ (8 + 2) = 23 ಆಂಪಿಯರ್.

ಸಿ ಕರ್ವ್ ತಕ್ಷಣ ಬೀಳುತ್ತದೆ ಅನ್ನುವ ಖಾತರಿ ಬೇಕಾದರೆ ಹತ್ತು ಪಟ್ಟು, ಅಂದರೆ 160 ಆಂಪಿಯರ್ ಬೇಕು. ನಮ್ಮ ಬಳಿ ಇರುವುದು 1.44 ಪಟ್ಟು. 1.45 ಪಟ್ಟು ಇದ್ದಾಗಲೂ ಒಂದು ಗಂಟೆಯೊಳಗೆ ಬಿದ್ದರೆ ಸಾಕು ಅನ್ನುತ್ತದೆ ಸ್ಟ್ಯಾಂಡರ್ಡ್. ಅಷ್ಟು ಹೊತ್ತು ಗ್ರೈಂಡರ್ ಬಾಡಿಯ ಮೇಲೆ ಎಷ್ಟು ವೋಲ್ಟ್? 23 × 8 = 184. ಅರ್ಥಿಂಗ್ ಇದೆ, ಎಂಸಿಬಿ ಸರಿಯಾಗಿದೆ, ಯಾರೂ ಕಳಪೆ ಕೆಲಸ ಮಾಡಿಲ್ಲ. ಆದರೂ ಗ್ರೈಂಡರ್ ಮುಟ್ಟಿದವನ ಗತಿ ಕಷ್ಟ.

ತನ್ನದೇ ಟ್ರಾನ್ಸ್‌ಫಾರ್ಮರ್ ಇರುವ ದೊಡ್ಡ ಕಾರ್ಖಾನೆಯ ಕತೆ ಬೇರೆ. ಅಲ್ಲಿ ಸಾಮಾನ್ಯವಾಗಿ ಟಿಎನ್-ಎಸ್ ಇರುತ್ತದೆ. ಮೆಷಿನ್‌ನಿಂದ ಅರ್ತ್ ವೈರ್ ತಾಮ್ರದಲ್ಲೋ ಜಿಐ ಪಟ್ಟಿಯಲ್ಲೋ ಸೀದಾ ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್‌ವರೆಗೆ ಹೋಗುತ್ತದೆ, ಫಾಲ್ಟ್ ಕರೆಂಟ್ ಮಣ್ಣಿನ ಮೂಲಕ ಹೋಗಬೇಕಿಲ್ಲ. ಫಾಲ್ಟ್ ಕರೆಂಟ್ ಸುತ್ತುವ ಪೂರ್ತಿ ದಾರಿ, ಅಂದರೆ ಲೂಪ್, 0.5 ಓಮ್ ಇದ್ದರೆ 460 ಆಂಪಿಯರ್, ಎಂಸಿಬಿ ಪಟ್ ಅಂತ ಬೀಳುತ್ತದೆ. ಪರೀಕ್ಷೆಯಲ್ಲಿ ‘ಗರಿಷ್ಠ ಲೂಪ್ ಇಂಪಿಡೆನ್ಸ್ ಎಷ್ಟು’ ಎಂದು ಕೇಳಿದರೆ, ಇದೇ 16 ಆಂಪಿಯರ್ ಸಿ ಕರ್ವ್‌ಗೆ 230 ÷ 160, ಸುಮಾರು 1.44 ಓಮ್. ಮಣ್ಣಿನ ಗುಂಡಿಗಳನ್ನೇ ನಂಬಿ ಇಷ್ಟು ಕಡಿಮೆ ತರುವುದು ಹೆಚ್ಚಿನ ಕಡೆ ಆಗದ ಮಾತು. ಟಿಟಿಗೆ ಆರ್‌ಸಿಸಿಬಿ ಬೇಕೇ ಬೇಕು ಅನ್ನುವುದು ಇದಕ್ಕೇ.

ಟಿಟಿಯಲ್ಲಿ ನನಗೆ ಇಷ್ಟವಾದ ಅಡ್ಡದಾರಿ: 50 ವೋಲ್ಟನ್ನು ಆರ್‌ಸಿಸಿಬಿ ರೇಟಿಂಗ್‌ನಿಂದ ಭಾಗಿಸಿ. 30 ಮಿಲಿಆಂಪಿಯರ್‌ಗೆ 1666 ಓಮ್, 100ಕ್ಕೆ 500, 300ಕ್ಕೆ 166. ಅರ್ಥಿಂಗ್ ಇಷ್ಟರೊಳಗಿದ್ದರೆ ಬಾಡಿ 50 ವೋಲ್ಟ್ ದಾಟುವ ಮೊದಲೇ ಟ್ರಿಪ್. ಹಾಗಂತ 1666 ಓಮ್‌ನ ಗುಂಡಿ ತೋಡಿ ಕೂರಬೇಡಿ. ಬೇಸಿಗೆಯಲ್ಲಿ ಮಣ್ಣು ಒಣಗಿ ರೆಸಿಸ್ಟೆನ್ಸ್ ಏರುತ್ತದೆ, ಆರ್‌ಸಿಸಿಬಿಯೂ ಒಂದಿನ ಕೈಕೊಡಬಹುದು.

ಆರ್‌ಸಿಸಿಬಿ ನೋಡುವುದು ಏನನ್ನು

ಒಳಗೆ ಒಂದು ಉಂಗುರದಂಥ ಕೋರ್. ಫೇಸ್, ನ್ಯೂಟ್ರಲ್ ಎರಡೂ ಅದರ ಮೂಲಕ ಹಾದು ಹೋಗುತ್ತವೆ. ಹೋದ ಕರೆಂಟ್ ಪೂರ್ತಿ ವಾಪಸ್ ಬಂದರೆ ಕೋರ್‌ನಲ್ಲಿ ಫ್ಲಕ್ಸ್ ಸೊನ್ನೆ. ಸ್ವಲ್ಪ ಬೇರೆ ದಾರಿಯಲ್ಲಿ ಭೂಮಿಗೆ ಹೋದರೆ ವ್ಯತ್ಯಾಸ ಉಳಿಯುತ್ತದೆ, ಕೋರ್ ಮೇಲಿನ ಸಣ್ಣ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟಿ ಟ್ರಿಪ್ ಆಗುತ್ತದೆ. ಅರ್ತ್ ವೈರ್ ಈ ಉಂಗುರದ ಹತ್ತಿರವೂ ಸುಳಿಯುವುದಿಲ್ಲ. ಅರ್ಥಿಂಗ್ ಇಲ್ಲದಿದ್ದರೂ ಆರ್‌ಸಿಸಿಬಿ ಕೆಲಸ ಮಾಡುತ್ತದೆ.

ಹಾಗಾದರೆ ಅರ್ಥಿಂಗ್ ಯಾಕೆ? ಅರ್ಥಿಂಗ್ ಇಲ್ಲದ ಗ್ರೈಂಡರ್‌ನಲ್ಲಿ ಬಾಡಿಗೆ ಫೇಸ್ ತಾಗಿದರೆ ಕರೆಂಟಿಗೆ ಭೂಮಿಗೆ ಹೋಗಲು ದಾರಿ ಇರುವುದಿಲ್ಲ. ಯಾರಾದರೂ ಮುಟ್ಟಿದ ಮೇಲೆ ಅವರ ಮೈಯೇ ದಾರಿ, ಆಮೇಲೆ ಟ್ರಿಪ್. ಅರ್ಥಿಂಗ್ ಇದ್ದರೆ ಫಾಲ್ಟ್ ಆದ ಗಳಿಗೆಯಲ್ಲೇ, ಯಾರೂ ಮುಟ್ಟುವ ಮೊದಲೇ ಟ್ರಿಪ್. 250 ವೋಲ್ಟ್ ಮೀರಿದ ಉಪಕರಣಗಳ ಬಾಡಿಗೆ, ಅಂದರೆ ನಮ್ಮ ತ್ರೀ ಫೇಸ್ ಮೋಟಾರ್‌ಗಳಿಗೆ, ಎರಡು ಬೇರೆ ಬೇರೆ ಅರ್ಥಿಂಗ್ ಕೊಡಬೇಕು ಅನ್ನುವ ನಿಯಮ ಇರುವುದೂ ಒಂದು ಕಳಚಿದರೆ ಇನ್ನೊಂದು ಇರಲಿ ಅಂತ.

30 ಮಿಲಿಆಂಪಿಯರ್ ಅಂದರೆ ಮೈಗೆ ಅಷ್ಟೇ ಹರಿಯುತ್ತದೆ ಅಂತಲ್ಲ. ಆರ್‌ಸಿಸಿಬಿ ಕರೆಂಟನ್ನು ತಡೆಯುವುದಿಲ್ಲ, ಸಮಯವನ್ನು ಕತ್ತರಿಸುತ್ತದೆ. ಮೇಲಿನ 230 ಮಿಲಿಆಂಪಿಯರ್ ಶಾಕ್ ಹೊಡೆದೇ ಹೊಡೆಯುತ್ತದೆ. ಅದು 30ರ ಐದು ಪಟ್ಟಿಗಿಂತ ಜಾಸ್ತಿ, ಹಾಗಾಗಿ 40 ಮಿಲಿಸೆಕೆಂಡ್‌ನೊಳಗೆ ಟ್ರಿಪ್ ಆಗಬೇಕು. ಅದೇ ಜಾಗದಲ್ಲಿ 100ರದ್ದು ಇದ್ದರೆ ಎರಡು ಪಟ್ಟಿನ ಮಿತಿ, 150 ಮಿಲಿಸೆಕೆಂಡ್. 300ರದ್ದು ಇದ್ದರೆ ಟ್ರಿಪ್ ಆಗಲೇಬೇಕೆಂದಿಲ್ಲ. ಅದು ಬೆಂಕಿ ತಡೆಯಲು ಇರುವುದು.

ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು ಮನೆಗಳಿಗೆ 30, ಉಳಿದ ಕಡೆಗೆ 100 ಮಿಲಿಆಂಪಿಯರ್ ಮೀರಬಾರದು ಅಂದಿದ್ದವು. ಈಗ ಅವುಗಳ ಜಾಗಕ್ಕೆ 2023ರ ನಿಯಮಗಳು ಬಂದಿವೆ, ಪರೀಕ್ಷೆಗೆ ಅವನ್ನೇ ಓದಿ. ಇನ್ನು ಕೆಲಸದ ಜಾಗದ ಮಾತು: ಕೈಯಲ್ಲಿ ಹಿಡಿಯುವ ಡ್ರಿಲ್, ಆಂಗಲ್ ಗ್ರೈಂಡರ್, ಎಕ್ಸ್‌ಟೆನ್ಷನ್ ಬೋರ್ಡ್ ಇರುವ ಸಾಕೆಟ್‌ಗಳಿಗೆ 30ಕ್ಕಿಂತ ಮೇಲಿನದು ಬೇಡವೇ ಬೇಡ. ಮೇನ್‌ಗೆ 100ರ ಎಸ್ ಟೈಪ್ ಹಾಕಿ, ಕೆಳಗೆ 30ರದ್ದು ಹಾಕಿದರೆ ಒಂದು ಡ್ರಿಲ್‌ಗಾಗಿ ಇಡೀ ಶೆಡ್ ಕತ್ತಲಾಗುವುದಿಲ್ಲ. ಎಸ್ ಟೈಪ್ ಬೇಕೆಂದೇ ಸ್ವಲ್ಪ ತಡೆದು ಟ್ರಿಪ್ ಆಗುತ್ತದೆ.

ಮೂರು ಫೇಸ್, ಒಂದೇ ಉಂಗುರ

ಈಗ ಸತಾಯಿಸಿದ ಜಾಗಕ್ಕೆ ಬಂದೆವು. ನಾಲ್ಕು ಪೋಲ್ ಆರ್‌ಸಿಸಿಬಿ, ಅಂದರೆ ಮೂರು ಫೇಸ್, ನ್ಯೂಟ್ರಲ್ ನಾಲ್ಕೂ ಹಾಯುವಂಥದ್ದು. ಆರ್ ಫೇಸ್‌ನಲ್ಲಿ 10 ಆಂಪಿಯರ್, ವೈ ಫೇಸ್‌ನಲ್ಲಿ 8, ಬಿ ಫೇಸ್‌ನಲ್ಲಿ 6. ಮೂರೂ ಬೇರೆ ಬೇರೆ. 30 ಮಿಲಿಆಂಪಿಯರ್ ವ್ಯತ್ಯಾಸಕ್ಕೇ ಬೀಳುವ ಸಾಧನ ಇಷ್ಟು ಆಂಪಿಯರ್ ವ್ಯತ್ಯಾಸ ಇದ್ದರೂ ಸುಮ್ನೆ ಕೂತಿರುವುದು ಹೇಗೆ?

ಆರ್‌ಸಿಸಿಬಿ ಫೇಸ್‌ಗಳನ್ನು ಒಂದಕ್ಕೊಂದು ಹೋಲಿಸಿ ನೋಡುವುದಿಲ್ಲ. ಉಂಗುರದ ಮೂಲಕ ಹಾದ ಎಲ್ಲ ಕರೆಂಟ್‌ಗಳನ್ನು ಕೂಡಿಸುತ್ತದೆ, ಅದೂ ಫೇಸರ್ ಲೆಕ್ಕದಲ್ಲಿ, 120 ಡಿಗ್ರಿ ಕೋನ ಇಟ್ಟುಕೊಂಡು. ಆ ಮೊತ್ತ ಸೊನ್ನೆಯೇ ಅನ್ನುವುದೊಂದೇ ಅದರ ಪ್ರಶ್ನೆ.

ಕೂಡಿಸಿ ನೋಡೋಣ, ರೆಸಿಸ್ಟಿವ್ ಲೋಡ್ ಅಂತ ಇಟ್ಟುಕೊಂಡು. ಇಲ್ಲೊಂದು ಸುಲಭದ ಉಪಾಯ ಇದೆ. ಮೂರರಲ್ಲಿ ಕಡಿಮೆ ಇರುವುದು 6. ಮೂರರಿಂದಲೂ 6 ಕಳೆದುಬಿಡಿ. 6, 6, 6 ಸಮ ಇರುವುದರಿಂದ ಅವುಗಳ ಮೊತ್ತ ಸೊನ್ನೆ, ಕಳೆದರೆ ಏನೂ ನಷ್ಟವಿಲ್ಲ. ಉಳಿದದ್ದು ಆರ್‌ನಲ್ಲಿ 4, ವೈನಲ್ಲಿ 2, ಬಿನಲ್ಲಿ ಏನಿಲ್ಲ. 120 ಡಿಗ್ರಿ ದೂರ ಇರುವ 4 ಮತ್ತು 2ರ ಮೊತ್ತ: 4ರ ವರ್ಗ 16, 2ರ ವರ್ಗ 4, ಅವುಗಳ ಗುಣಲಬ್ಧ 8. 16 + 4 − 8 = 12. ವರ್ಗಮೂಲ 3.46 ಆಂಪಿಯರ್.

ಈ 3.46 ಎಲ್ಲಿಗೆ ಹೋಯಿತು? ನ್ಯೂಟ್ರಲ್‌ನಲ್ಲಿ ವಾಪಸ್ ಬಂತು. ನ್ಯೂಟ್ರಲ್ ಕೂಡ ಅದೇ ಉಂಗುರದ ಮೂಲಕ, ಎದುರು ದಿಕ್ಕಿನಲ್ಲಿ ಹಾಯುತ್ತದೆ. ಹಾಗಾಗಿ ನಾಲ್ಕರ ಮೊತ್ತ ಸೊನ್ನೆ. ಉಂಗುರಕ್ಕೆ ಏನೂ ಕಾಣಿಸುವುದಿಲ್ಲ.

ಈಗ ನ್ಯೂಟ್ರಲನ್ನು ಆರ್‌ಸಿಸಿಬಿಗೆ ಕೊಡದೆ ಹೊರಗಿನಿಂದ ನೇರ ನ್ಯೂಟ್ರಲ್ ಲಿಂಕ್‌ಗೆ (ನ್ಯೂಟ್ರಲ್ ವೈರ್‌ಗಳೆಲ್ಲ ಸೇರುವ ಪಟ್ಟಿಗೆ) ಹಾಕಿದಿರಿ ಅನ್ನಿ. ಉಂಗುರಕ್ಕೆ ಕಾಣುವುದು ಮೂರು ಫೇಸ್ ಮಾತ್ರ, ಮೊತ್ತ 3.46 ಆಂಪಿಯರ್. ತಕ್ಷಣ ಟ್ರಿಪ್. ಲೀಕೇಜ್ ಒಂದು ಚೂರೂ ಇಲ್ಲ, ವೈರಿಂಗ್ ಮಾತ್ರ ತಪ್ಪು. ಅನ್‌ಬ್ಯಾಲೆನ್ಸ್ ಆದರೆ ಆರ್‌ಸಿಸಿಬಿ ಬೀಳುತ್ತದೆ ಅನ್ನುವ ಮಾತು ಹುಟ್ಟಿದ್ದು ಬಹುಶಃ ಇಂಥ ಪ್ಯಾನೆಲ್‌ಗಳಿಂದ.

ನಿಜವಾದ ಲೀಕೇಜ್ ಬಂದರೆ? ಆರ್‌ನಿಂದ 40 ಮಿಲಿಆಂಪಿಯರ್ ಮೆಷಿನ್ ಬಾಡಿ ಮೂಲಕ ಭೂಮಿಗೆ ಹೋಯಿತು. ಆರ್‌ನಲ್ಲಿ ಈಗ 10.04. ನ್ಯೂಟ್ರಲ್‌ನಲ್ಲಿ ಬರುವುದು ಮೊದಲಿನ 3.46 ಮಾತ್ರ, ಯಾಕೆಂದರೆ ಹೆಚ್ಚುವರಿ 0.04 ಮಣ್ಣಿನ ದಾರಿ ಹಿಡಿದಿದೆ. ಮೊತ್ತದಲ್ಲಿ 40 ಮಿಲಿಆಂಪಿಯರ್ ಉಳಿಯಿತು, ಬಿತ್ತು.

ಮೋಟಾರ್‌ಗೆ ನ್ಯೂಟ್ರಲ್ಲೇ ಇಲ್ಲವಲ್ಲ ಅಂತ ಕೇಳಬಹುದು. ಮೂರೇ ವೈರ್ ಇದ್ದಾಗ ಒಂದರಲ್ಲಿ ಹೋದದ್ದು ಉಳಿದೆರಡರಲ್ಲೇ ವಾಪಸ್ ಬರಬೇಕು, ಬೇರೆ ದಾರಿಯೇ ಇಲ್ಲ. ಕರೆಂಟ್‌ಗಳು ಎಷ್ಟೇ ಅಸಮ ಇರಲಿ, ಮೊತ್ತ ಸೊನ್ನೆಯೇ. ಆರ್ ಫೇಸ್ ಕಟ್ ಆಗಿ ಮೋಟಾರ್ ಎರಡೇ ಫೇಸ್‌ನಲ್ಲಿ ಗುಂಯ್ ಅನ್ನುತ್ತಿದ್ದಾಗಲೂ ವೈನಲ್ಲಿ ಹೋದದ್ದು ಬಿನಲ್ಲಿ ಬರುತ್ತದೆ. ಮೋಟಾರ್ ಸುಟ್ಟು ವಾಸನೆ ಬಂದರೂ, ವೈಂಡಿಂಗ್ ಬಾಡಿಗೆ ತಾಗುವವರೆಗೆ ಆರ್‌ಸಿಸಿಬಿ ಅಲ್ಲಾಡುವುದಿಲ್ಲ. ಅದಕ್ಕೆ ಸಿಂಗಲ್ ಫೇಸ್ ಪ್ರಿವೆಂಟರ್ ಬೇರೆಯೇ ಹಾಕಬೇಕು.

ಇದೇ ತರ್ಕದಿಂದ ಇನ್ನೊಂದು ಅಪಾಯವೂ ಅರ್ಥವಾಗುತ್ತದೆ. ಒಣ ಮರದ ಸ್ಟೂಲ್ ಮೇಲೆ ನಿಂತು ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಹೋದ ಕರೆಂಟ್ ಪೂರ್ತಿ ವಾಪಸ್ ಬರುತ್ತದೆ. ಆರ್‌ಸಿಸಿಬಿ ಪಾಲಿಗೆ ನೀವೂ ಒಂದು ಬಲ್ಬ್. ಆರ್‌ಸಿಸಿಬಿ ಇದೆ ಅಂತ ಲೈವ್ ಲೈನಿನಲ್ಲಿ ಕೈ ಹಾಕುವಂತಿಲ್ಲ. ಮೇನ್ ಆಫ್ ಮಾಡಿ, ಬೀಗ ಹಾಕಿ, ಬೋರ್ಡ್ ತೂಗುಹಾಕಿ, ಸಪ್ಲೈ ಇಲ್ಲವೆಂದು ಪರೀಕ್ಷಿಸಿದ ಮೇಲೆಯೇ ಕೆಲಸ. ಟ್ಯಾಂಕ್, ಬಾಯ್ಲರ್ ಒಳಗಿನ ಕೆಲಸಕ್ಕೆ 24 ವೋಲ್ಟ್ ಮೀರಿದ ಕೈದೀಪ ಒಯ್ಯಬಾರದು ಎಂದು 1948ರ ಕಾರ್ಖಾನೆ ಕಾಯಿದೆಯ 36ಎ ಕಲಂನಲ್ಲೇ ಹೇಳಿತ್ತು. ಅಲ್ಲಿ ಸುತ್ತಲೂ ಲೋಹ, ಮೈ ಬೆವರು, ಓಡಲು ಜಾಗವಿಲ್ಲ.

ಟೆಸ್ಟ್ ಬಟನ್

ಬಟನ್ ಒತ್ತಿದಾಗ ಒಂದು ರೆಸಿಸ್ಟರ್ ಮೂಲಕ ಸ್ವಲ್ಪ ಕರೆಂಟ್ ಉಂಗುರವನ್ನು ತಪ್ಪಿಸಿ ವಾಪಸ್ ಹೋಗುತ್ತದೆ. ಅಂದರೆ ಬಟನ್ ಪರೀಕ್ಷಿಸುವುದು ಆರ್‌ಸಿಸಿಬಿಯನ್ನು ಮಾತ್ರ. ಅರ್ಥಿಂಗ್ ಸರಿ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ನಾಲ್ಕು ಪೋಲ್‌ನದ್ದನ್ನು ನ್ಯೂಟ್ರಲ್ ಇಲ್ಲದ ಮೋಟಾರ್ ಸರ್ಕ್ಯೂಟಿಗೆ ಹಾಕಿದಾಗ ಬಟನ್ ಕೆಲಸ ಮಾಡದಿರಬಹುದು. ಹಲವು ಮಾದರಿಗಳಲ್ಲಿ ಬಟನ್‌ನ ಸರ್ಕ್ಯೂಟ್ ನ್ಯೂಟ್ರಲ್ ಪೋಲ್‌ಗೇ ಜೋಡಿಸಿರುತ್ತದೆ. ಹೊರಗೆ ಬಿಸಾಡುವ ಮುನ್ನ ಬದಿಯಲ್ಲಿ ಅಚ್ಚಾದ ಡಯಾಗ್ರಂ ನೋಡಿ.

ಬೀಳುತ್ತಲೇ ಇದ್ದರೆ

ಎಲ್ಲ ಎಂಸಿಬಿ ಆಫ್ ಮಾಡಿದರೂ ಆರ್‌ಸಿಸಿಬಿ ನಿಲ್ಲುತ್ತಿಲ್ಲ ಅನ್ನಿ. ಸಿಂಗಲ್ ಪೋಲ್ ಎಂಸಿಬಿ ಕತ್ತರಿಸುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಇನ್ನೂ ಎಲ್ಲ ಸರ್ಕ್ಯೂಟಿಗೂ ಹೋಗಿದೆ. ಎಲ್ಲೋ ನ್ಯೂಟ್ರಲ್ ಅರ್ತ್‌ಗೆ ತಾಗಿದೆ. ನ್ಯೂಟ್ರಲ್‌ಗೂ ಭೂಮಿಗೂ ಕೆಲವೇ ವೋಲ್ಟ್ ವ್ಯತ್ಯಾಸ ಇದ್ದರೂ ಬೀಳಿಸುವಷ್ಟು ಕರೆಂಟ್ ಹರಿದೀತು. ಮೇನ್ ಆಫ್ ಮಾಡಿ, ನ್ಯೂಟ್ರಲ್ ಲಿಂಕ್‌ನಿಂದ ಒಂದೊಂದೇ ವೈರ್ ಬಿಚ್ಚಿ, ಅದಕ್ಕೂ ಅರ್ತ್‌ಗೂ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ. 500 ವೋಲ್ಟ್ ಮೆಗ್ಗರ್‌ಗೆ ಒಂದು ಮೆಗಾಓಮ್ ಕೂಡ ಬರದ ವೈರ್ ನಿಮ್ಮ ಕಳ್ಳ. ಮೆಗ್ಗರ್ ಹಾಕುವ ಮುಂಚೆ ಎಲೆಕ್ಟ್ರಾನಿಕ್ ಸಾಮಾನು, ಸರ್ಜ್ ಪ್ರೊಟೆಕ್ಟರ್ ಎಲ್ಲ ಬಿಚ್ಚಿರಬೇಕು.

ಲೋಡ್ ಹಾಕಿದಾಗ ಮಾತ್ರ ಬೀಳುತ್ತಿದ್ದರೆ, ಅದರಲ್ಲೂ ಒಂದೇ ಡಿಬಿಯಲ್ಲಿ (ಡಿಸ್ಟ್ರಿಬ್ಯೂಷನ್ ಬೋರ್ಡ್‌ನಲ್ಲಿ) ಎರಡು ಆರ್‌ಸಿಸಿಬಿ ಇದ್ದರೆ, ನ್ಯೂಟ್ರಲ್ ಲಿಂಕ್ ನೋಡಿ. ಎರಡಕ್ಕೂ ಒಂದೇ ಲಿಂಕ್ ಇದ್ದರೆ ಒಂದರಿಂದ ಹೋದ ಕರೆಂಟ್ ಇನ್ನೊಂದರಿಂದ ವಾಪಸ್ ಬರುತ್ತದೆ, ಎರಡಕ್ಕೂ ಲೆಕ್ಕ ತಪ್ಪುತ್ತದೆ. ಒಂದೊಂದಕ್ಕೂ ಬೇರೆ ಲಿಂಕ್ ಬೇಕು.

ವಿಎಫ್‌ಡಿ (ಮೋಟಾರ್ ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್) ಇರುವ ಮೆಷಿನ್ ಆನ್ ಆದಾಗ ಬೀಳುವುದು ಹೆಚ್ಚಾಗಿ ಡ್ರೈವ್‌ನ ಫಿಲ್ಟರ್‌ನಿಂದ ಅರ್ತ್‌ಗೆ ಹರಿಯುವ ಸಹಜ ಲೀಕೇಜ್‌ಗೆ. ಅಲ್ಲಿ ಇನ್ನೊಂದು ಎಚ್ಚರಿಕೆ: ಎಸಿ ಟೈಪ್ ಆರ್‌ಸಿಸಿಬಿಗೆ ಗೊತ್ತಾಗುವುದು ಸೈನ್ ಅಲೆಯ ಲೀಕೇಜ್ ಮಾತ್ರ. ಎ ಟೈಪ್ ಪಲ್ಸ್ ಆಗುವ ಡಿಸಿಯನ್ನೂ ಹಿಡಿಯುತ್ತದೆ, ಬಿ ಟೈಪ್ ನಯವಾದ ಡಿಸಿಯನ್ನೂ. ತ್ರೀ ಫೇಸ್ ಡ್ರೈವ್‌ಗೆ ಅದರ ಕೈಪಿಡಿ ಬಿ ಟೈಪ್ ಕೇಳಿದ್ದರೆ ಬೆಲೆ ನೋಡಿ ಎಸಿ ಟೈಪ್ ಹಾಕಬೇಡಿ. ಡಿಸಿ ಲೀಕೇಜ್ ಕೋರನ್ನು ಸ್ಯಾಚುರೇಟ್ ಮಾಡಿದರೆ ಅದೇ ಆರ್‌ಸಿಸಿಬಿಯ ಕೆಳಗಿನ ಬೇರೆ ಮೆಷಿನ್‌ನಲ್ಲಿ ಮಾಮೂಲಿ ಎಸಿ ಲೀಕೇಜ್ ಬಂದರೂ ಅದು ಟ್ರಿಪ್ ಆಗದೇ ಹೋಗಬಹುದು.