ಕ್ರ್ಯಾಂಕ್ ಬದಲಾಯಿಸಿದಿರಿ, ಸರಿ. ಸೀಟು?

ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ಕಬ್ಬಿಣದಂಥ ತೋಳು, ಗಿಡ್ಡ ಮಾಡಿಸುವುದಕ್ಕೆ ನನ್ನ ವಿರೋಧವಿಲ್ಲ. ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರೂ ಇರುವ ರೇಸು) ಸೈಕಲ್ಲಿನಲ್ಲಿ ಅದು ಬಹಳ ಜನಕ್ಕೆ ಒಗ್ಗುತ್ತದೆ ಕೂಡ. ನನ್ನ ತಲೆ ಕೆಡಿಸುವುದು ಬೇರೆ ವಿಷಯ. ಸೈಕಲ್ ರೇಸಿನ ಚಾಂಪಿಯನ್ ತಡೇಜ್ ಪೊಗಾಚಾರ್ 2024ರಲ್ಲಿ 165 ಮಿ.ಮೀ. ಕ್ರ್ಯಾಂಕಿಗೆ ಇಳಿದರು ಅಂತ ಓದುತ್ತಾರೆ. ಆನ್‌ಲೈನಲ್ಲಿ ಒಂದು ತರಿಸುತ್ತಾರೆ. ಮನೆಯಲ್ಲೇ ಕೂರಿಸಿ, ಸೀಟು ಮುಟ್ಟದೆ ಹೊರಟುಬಿಡುತ್ತಾರೆ. ಆಮೇಲೆ ಮಂಡಿ ಹಿಡಿದುಕೊಂಡು ಶಿವಮೊಗ್ಗಕ್ಕೆ, ಮೈಗೆ ತಕ್ಕಂತೆ ಸೈಕಲ್ ಅಳತೆ ಹೊಂದಿಸುವ ನನ್ನ ಹತ್ತಿರ ಬರುತ್ತಾರೆ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರೊಬ್ಬರು ಹೀಗೇ ಬಂದರು. ಗೋವಾದ 70.3 ರೇಸಿಗೆ (ಒಟ್ಟು 70.3 ಮೈಲಿಯ ಟ್ರಯಥ್ಲಾನ್) ತಯಾರಿ ನಡೆಸಿದ್ದರು. 175 ತೆಗೆದು 165 ಹಾಕಿದ್ದರು, ಮಂಡಿಯ ಮುಂಭಾಗದಲ್ಲಿ ನೋವು. ಸೀಟು ಏರಿಸಿದ್ರಾ ಅಂದೆ. ‘ಏರಿಸಿದೀನಿ ಸಾರ್’ ಅಂದರು. ಸೀಟ್ ಪೋಸ್ಟ್ ನೋಡಿದರೆ, ಅದನ್ನು ಬಿಗಿಹಿಡಿಯುವ ಕ್ಲಾಂಪಿನ ಅಂಚಿಗೆ ಸರಿಯಾಗಿ ಕೆಮ್ಮಣ್ಣಿನ ಉಂಗುರ. ಹೋದ ಮಳೆಗಾಲದ್ದು, ಒಣಗಿ ಗಟ್ಟಿಯಾಗಿತ್ತು. ಏರಿಸಿದ್ದರೆ ಆ ಉಂಗುರ ಒಂದು ಸೆಂಟಿಮೀಟರ್ ಮೇಲೆ ಇರಬೇಕಿತ್ತು, ಅಲ್ವಾ? ಬೆರಳಿಟ್ಟು ತೋರಿಸಿದೆ, ನಕ್ಕುಬಿಟ್ಟರು. ಕೋಡುಬಳೆ ಬೇರೆ ತಂದಿದ್ದರು, ಬೈಯೋಕೆ ಮನಸ್ಸಾಗಲಿಲ್ಲ.

ಲೆಕ್ಕ ಇಷ್ಟೇ, ದಯವಿಟ್ಟು ನಿಧಾನವಾಗಿ ಓದಿ. ಕ್ರ್ಯಾಂಕ್ 10 ಮಿ.ಮೀ. ಗಿಡ್ಡವಾದರೆ, ಪೆಡಲ್ ತೀರಾ ಕೆಳಗೆ ಬಂದಾಗ ಕಾಲು ಮೊದಲಿಗಿಂತ 10 ಮಿ.ಮೀ. ಮೇಲೆಯೇ ನಿಲ್ಲುತ್ತದೆ. ಅಂದರೆ ನಿಮ್ಮ ಸೀಟು ಅಷ್ಟು ತಗ್ಗಾದ ಹಾಗೇ ಆಯಿತು. ಸೀಟನ್ನು 10 ಏರಿಸಿದರೆ ಕೆಳಗಿನ ಲೆಕ್ಕ ಸರಿಹೋಗುತ್ತದೆ. ಈಗ ಮೇಲ್ಗಡೆ ನೋಡಿ. ಅಲ್ಲಿ ಪೆಡಲ್ ತಾನೇ 10 ಕೆಳಗಿಳಿದಿದೆ, ನೀವು 10 ಮೇಲೆ ಹೋಗಿದ್ದೀರಿ. ಒಟ್ಟು 20. ಹತ್ತು ಹೇಗೆ ಇಪ್ಪತ್ತಾಗುತ್ತೆ ಅಂತ ಇಂಜಿನಿಯರುಗಳೂ ನನ್ನ ಜೊತೆ ವಾದ ಮಾಡಿದ್ದಾರೆ! ಸೀಟು ಏರಿಸದಿದ್ದರೆ ಈ ಲಾಭದಲ್ಲಿ ಅರ್ಧ ಹೋಯಿತು, ಮಂಡಿ ನೋವು ಉಚಿತ.

ಆ 20 ಮಿ.ಮೀ. ಯಾಕೆ ಬೇಕು? ಏರೋ ಬಾರಿನ (ಮುಂದಕ್ಕೆ ಚಾಚಿದ ಹ್ಯಾಂಡಲ್) ಮೇಲೆ ಮೊಣಕೈ ಊರಿ ಬಗ್ಗಿದಾಗ ತೊಡೆ ಎದೆಯ ಕಡೆಗೆ ಬರುತ್ತದೆ, ಸೊಂಟದ ಕೀಲು ಮಡಚಿಕೊಳ್ಳುತ್ತದೆ. ಕುರ್ಚಿಯಲ್ಲಿ ಕೂತು ಮುಂದಕ್ಕೆ ಬಾಗಿ, ಒಂದು ಪಾದದ ಕೆಳಗೆ ದಪ್ಪ ಪುಸ್ತಕಗಳನ್ನು ಒಂದೊಂದಾಗಿ ಇಡುತ್ತಾ ಹೋಗಿ. ಒಂದು ಹಂತದಲ್ಲಿ ಉಸಿರು ಕಟ್ಟುತ್ತದೆ, ಇಲ್ಲವೇ ಮಂಡಿ ಹೊರಗೆ ಓಡುತ್ತದೆ. 70.3 ರೇಸಲ್ಲಿ 90 ಕಿ.ಮೀ. ಹಾಗೇ ತುಳಿದು, ಇಳಿದು 21.1 ಕಿ.ಮೀ. ಓಡಬೇಕು.

ಸೀಟು ಏರಿಸಿದ ಮೇಲೆ ಮೊಣಕೈ ಊರುವ ಮುಂದಿನ ಪ್ಯಾಡುಗಳನ್ನೂ ಅಷ್ಟೇ ಏರಿಸಿ. ಇಲ್ಲದಿದ್ದರೆ ಇನ್ನಷ್ಟು ಬಗ್ಗುತ್ತೀರಿ, ಗಳಿಸಿದ್ದು ಅಲ್ಲೇ ಸೋರಿತು. ಸೀಟನ್ನು ಸ್ವಲ್ಪ ಹಿಂದಕ್ಕೂ ಸರಿಸಬೇಕಾಗಬಹುದು. ಅದನ್ನು ಮನುಷ್ಯನನ್ನು ನೋಡದೆ ಹೇಳಲಾರೆ.

‘ಗಿಡ್ಡ ಕ್ರ್ಯಾಂಕಲ್ಲಿ ಆಗುಂಬೆ ಘಾಟಿ ಹತ್ತೋಕಾಗುತ್ತಾ?’ ಎಲ್ಲರದ್ದೂ ಇದೇ ಪ್ರಶ್ನೆ. ಆಗುತ್ತೆ. ಆ 14 ತಿರುವುಗಳಿಗೆ ಬೇಕಾದ್ದು ಗೇರು. 175ರಿಂದ 165ಕ್ಕೆ ಇಳಿದರೆ ಸನ್ನೆಬಲದಲ್ಲಿ ಕಳೆದುಕೊಳ್ಳುವುದು ಸುಮಾರು ಶೇ 6. ಹಿಂದಿನ ದೊಡ್ಡ ಹಲ್ಲುಚಕ್ರ 28ರ ಬದಲು 32 ಇದ್ದರೆ ಸಿಗುವುದು ಶೇ 14. ಸಂಶೋಧಕರಾದ ಜಿಮ್ ಮಾರ್ಟಿನ್ ಮತ್ತು ಸ್ಪಿರ್ಡುಸೊ 2001ರಲ್ಲಿ 120ರಿಂದ 220 ಮಿ.ಮೀ. ತನಕ ಕ್ರ್ಯಾಂಕ್ ಹಾಕಿ ಪರೀಕ್ಷಿಸಿದರು. ಗರಿಷ್ಠ ಶಕ್ತಿಯಲ್ಲಿ ಕಂಡ ವ್ಯತ್ಯಾಸ ಶೇ 4ರ ಆಸುಪಾಸು. ಅದು ಕೆಲವೇ ಸೆಕೆಂಡುಗಳ ಪರೀಕ್ಷೆ, ದಿನವಿಡೀ ತುಳಿಯುವುದಲ್ಲ, ಅದೂ ನೆನಪಿರಲಿ. ಆದರೂ ಉದ್ದ ಕ್ರ್ಯಾಂಕ್ ಅಂದರೆ ಜಾಸ್ತಿ ಬಲ ಅನ್ನುವ ನಂಬಿಕೆ ಅಲ್ಲಿ ನಿಲ್ಲಲಿಲ್ಲ.

ಎತ್ತರ ಹೇಳಿ ‘ನನಗೆ ಯಾವ ಸೈಜು?’ ಅಂತ ಫೋನಲ್ಲಿ ಕೇಳಬೇಡಿ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ 170 ಆರಾಮ, ಇನ್ನೊಬ್ಬರಿಗೆ 160. ಸೊಂಟದ ಕೀಲಿನಲ್ಲಿ ಹಳೆಯ ತೊಂದರೆ ಇದ್ದರೆ ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ರೇಸ್ ಹತ್ತಿರ ಬಂದಾಗ ಏನನ್ನೂ ಬದಲಿಸಬೇಡಿ.

ಬರುವ ಮುಂಚೆ ಕ್ರ್ಯಾಂಕಿನ ಒಳಬದಿಯ ಕೆಸರು ಒರೆಸಿ, ಪೆಡಲ್ ತೂತಿನ ಹತ್ತಿರ ಅಳತೆ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ರೇಸಿನ ಶೂ, ಶಾರ್ಟ್ಸ್ ತನ್ನಿ. ಹವಾಯಿ ಚಪ್ಪಲಿಯಲ್ಲಿ ಬಂದವರ ಸೀಟು ಅಳೆಯೋದಿಲ್ಲ.