ಹೂತ ಮೂಳೆ ಸುಮ್ಮನಿರುವುದಿಲ್ಲ

ಲಕ್ಷಾಂತರ ವರ್ಷ ಹಳೆಯ ಮೂಳೆ ಸಿಕ್ಕಿತೆಂಬ ಸುದ್ದಿ ಬಂದಾಗಲೆಲ್ಲ, ಅದು ಹೂತ ದಿನ ಹೇಗಿತ್ತೋ ಇಂದಿಗೂ ಹಾಗೇ ಇದೆ ಎಂದು ನಾವು ಅಂದುಕೊಳ್ಳುತ್ತೇವೆ. ಖಂಡಿತ ಅಲ್ಲ. ಪ್ರಾಣ ಹೋದ ಮೇಲೂ ಮೂಳೆಗೆ ಮಣ್ಣಿನ ಜೊತೆ ಕೊಡುಕೊಳ್ಳುವಿಕೆ ಇದ್ದೇ ಇರುತ್ತದೆ.

ಮೊದಲು ಕಳೆದುಹೋಗುವುದು ಕೊಲಾಜೆನ್ ಎಂಬ ಪ್ರೋಟೀನ್. ನೀರು, ಸೂಕ್ಷ್ಮಜೀವಿಗಳು ಸೇರಿ ಅದನ್ನು ಕರಗಿಸುತ್ತವೆ, ಅದರೊಂದಿಗೆ ಮೂಳೆಯ ಸಾರಜನಕವೂ ಇಳಿಯುತ್ತದೆ. ಉಳಿಯುವುದು ಕ್ಯಾಲ್ಸಿಯಂ ಫಾಸ್ಫೇಟಿನ ಖನಿಜ, ಹೈಡ್ರಾಕ್ಸಿಅಪಟೈಟ್. ಇದರ ಹರಳುಗಳು ತೀರಾ ಚಿಕ್ಕವು, ಹಾಗಾಗಿ ನೀರಿಗೆ ಮೈಯೊಡ್ಡುವ ಮೇಲ್ಮೈ ಅಗಾಧ. ಅಂತರ್ಜಲದಲ್ಲಿ ಕರಗಿದ ಯುರೇನಿಯಂ ಕೂಡ ಇಲ್ಲಿ ಬಂದು ನೆಲೆಸುತ್ತದೆ.

ನನಗೆ ಬಹಳ ಇಷ್ಟವಾದದ್ದು ಫ್ಲೋರೈಡಿನ ಆಟ. ಫ್ಲೋರಿನ್ ಧಾತು ನೀರಿನಲ್ಲಿ ಕರಗಿರುವ ರೂಪವೇ ಫ್ಲೋರೈಡ್. ಹರಳಿನಲ್ಲಿ ಹೈಡ್ರಾಕ್ಸಿಲ್ (ಆಮ್ಲಜನಕ, ಜಲಜನಕದ ಜೋಡಿ) ಕೂತ ಜಾಗಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ರಶ್ಶಾದ ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದವರಂತೆ, ಒಮ್ಮೆ ಕೂತರೆ ಸುಲಭಕ್ಕೆ ಏಳುವುದಿಲ್ಲ. ಏಕೆಂದರೆ ಹೊಸ ಹರಳು ಮೊದಲಿಗಿಂತ ಕಡಿಮೆ ಕರಗುತ್ತದೆ. (ಪಾವಗಡದ ಬೋರ್‌ವೆಲ್ ನೀರು ಕುಡಿದವರ ಮೂಳೆಯಲ್ಲಿ ಜೀವಂತವಿರುವಾಗಲೇ ನಡೆಯುವುದೂ ಇದೇ.)

ಹಾಗಾಗಿ ಒಂದೇ ಜಾಗದಲ್ಲಿ ಹೆಚ್ಚು ಕಾಲ ಹೂತಿದ್ದ ಮೂಳೆಯಲ್ಲಿ ಫ್ಲೋರಿನ್ ಹೆಚ್ಚಿರುತ್ತದೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಅಡಾಲ್ಫ್ ಕಾರ್ನೋ ಇದನ್ನು 19ನೇ ಶತಮಾನದ ಕೊನೆಯಲ್ಲೇ ಅಳೆದಿದ್ದರು. ಆದರೂ ಇಂಗ್ಲೆಂಡಿನ ಪಿಲ್ಟ್‌ಡೌನ್ ಎಂಬ ಹಳ್ಳಿಯಿಂದ 1912ರಲ್ಲಿ ಬುರುಡೆ, ದವಡೆಯ ತುಂಡುಗಳಾಗಿ ಬಂದ "ಆದಿಮಾನವ"ನನ್ನು ವಿದ್ವಾಂಸರು ನಾಲ್ಕು ದಶಕ ಹೊತ್ತು ಮೆರೆದರು! ಬ್ರಿಟಿಷ್ ವಿಜ್ಞಾನಿ ಕೆನೆತ್ ಓಕ್ಲಿ 1949ರಲ್ಲಿ ಫ್ಲೋರಿನ್ ಪರೀಕ್ಷಿಸಿದಾಗ, ಅಲ್ಲಿನ ನಿಜವಾದ ಪುರಾತನ ಪ್ರಾಣಿ ಮೂಳೆಗಳಿಗಿಂತ ಆ ಬುರುಡೆಯಲ್ಲೂ ದವಡೆಯಲ್ಲೂ ಅದು ತೀರಾ ಕಡಿಮೆ ಇತ್ತು. 1953ರ ಮರುಪರೀಕ್ಷೆಯಲ್ಲಿ ದವಡೆಯ ಫ್ಲೋರಿನ್ ಶೇ. 0.03ಕ್ಕಿಂತ ಕಡಿಮೆ, ಸಾರಜನಕ ಶೇ. 3.9. ಇದು ತಾಜಾ ಮೂಳೆಯ ಲೆಕ್ಕ! ಒರಾಂಗುಟಾನಿನ ದವಡೆಗೆ ಯಾರೋ ಬಣ್ಣ ಹಚ್ಚಿ, ಹಲ್ಲು ಉಜ್ಜಿ ಇಟ್ಟಿದ್ದರು.

ಹಾಗೆಂದು ಫ್ಲೋರಿನ್ ನೋಡಿ ವಯಸ್ಸು ಹೇಳಿಬಿಡಬಹುದೇ? ಇಲ್ಲ. ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಮಣ್ಣು ಎಷ್ಟು ತೇವ ಹಿಡಿಯುತ್ತದೆ ಎಂಬುದರ ಮೇಲೆ ವೇಗ ಬದಲಾಗುತ್ತದೆ. ಒಂದೇ ಗುಂಡಿಯ ಎರಡು ಮೂಳೆಗಳು ಜೊತೆಯವೇ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಬೇರೆ ಊರಿನ ಮೂಳೆಗೆ ಹೋಲಿಸಿದರೆ ಮೋಸಹೋಗುತ್ತೀರಿ. ಊಟದಿಂದ ಮೂಳೆ ಸೇರುವ ಸ್ಟ್ರಾನ್ಷಿಯಂ ಎಂಬ ಧಾತುವನ್ನು ಅಳೆದು "ಈ ಮನುಷ್ಯ ಎಲ್ಲಿ ಬೆಳೆದ" ಎಂದು ಹುಡುಕುವವರಿಗೂ ಇದೇ ತಲೆನೋವು. ಮೂಳೆಯಲ್ಲಿ ಸಿಗುವುದು ಅವನು ಉಂಡ ಊಟದ್ದೋ, ಹೂತ ಮಣ್ಣಿನದೋ? ಅದಕ್ಕೇ ಅವರು ಸಾಧ್ಯವಾದರೆ ಮೂಳೆ ಬಿಟ್ಟು ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಕೇಳುತ್ತಾರೆ. ಅದರ ಹರಳುಗಳು ದೊಡ್ಡವು, ಒತ್ತೊತ್ತಾಗಿ ಜೋಡಿಸಿದಂಥವು, ಹಾಗಾಗಿ ಮಣ್ಣಿನ ನೀರು ಅಷ್ಟು ಬೇಗ ಒಳಗಿಳಿಯುವುದಿಲ್ಲ.