ಮೆಕ್ಕೆಜೋಳದ ಹೊಲದ ಮೂರು ಕಂದು ಪತಂಗಗಳು: ಫೋಟೊ ನೋಡಿ ಗುರುತು ಹಿಡಿಯುವುದು

ದಾವಣಗೆರೆ ಸುತ್ತಮುತ್ತ ಮೆಕ್ಕೆಜೋಳದ ಹೊಲದ ಬದುವಿನಲ್ಲಿ ರಾತ್ರಿ ಬಿಳಿ ಪಂಚೆ ಕಟ್ಟಿ ಬಲ್ಬು ಹಚ್ಚಿ ನೋಡಿ. ಕಂದು ಪತಂಗಗಳು ಬಂದು ಕೂರುತ್ತವೆ. ಫೋಟೊದಲ್ಲಿ ಎಲ್ಲವೂ ಒಂದೇ ಥರ. ಮೊದಮೊದಲು ನಾನು ಕಂಡದ್ದಕ್ಕೆಲ್ಲ ‘ಲದ್ದಿ ಹುಳುವಿನ ಪತಂಗ’ ಅಂತ ಬರೆದುಬಿಡುತ್ತಿದ್ದೆ. ಸುಮಾರು ತಪ್ಪಾಗಿದ್ದವು.

ಅಳತೆ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ರೆಕ್ಕೆ ಬಿಚ್ಚಿದರೆ ಮೂರೂ 3ರಿಂದ 4 ಸೆಂ.ಮೀ. ಆಸುಪಾಸು.

ಲದ್ದಿ ಹುಳು, ಅಂದರೆ ಸ್ಪೊಡಾಪ್ಟೆರಾ ಫ್ರುಜಿಪರ್ಡಾ, ಅಮೆರಿಕ ಖಂಡದ ಕೀಟ. ಭಾರತದಲ್ಲಿ ಮೊದಲು ಸಿಕ್ಕಿದ್ದು 2018ರಲ್ಲಿ, ಅದೂ ಕರ್ನಾಟಕದಲ್ಲೇ. ಗಂಡಿನ ಮುಂದಿನ ರೆಕ್ಕೆಯ ತುದಿ ಹತ್ತಿರ ಬಿಳಿ ಮಚ್ಚೆ, ನಡುವೆ ಓರೆಯಾಗಿ ಒಣಹುಲ್ಲಿನ ಬಣ್ಣದ ಉದ್ದ ಚುಕ್ಕೆ. ಹೆಣ್ಣು ಮಾತ್ರ ಬೂದುಗಂದು, ಗುರುತುಗಳು ಮಸುಕು. ಹೆಣ್ಣಿನ ಒಂದೇ ಫೋಟೊ ನೋಡಿ ನಾನು ಹೆಸರು ಹಾಕುವುದಿಲ್ಲ.

ಅದರ ದಾಯಾದಿ ಸ್ಪೊಡಾಪ್ಟೆರಾ ಲಿಟುರಾ. ಮುಂದಿನ ರೆಕ್ಕೆ ತುಂಬ ಬಿಳಿ ಗೆರೆಗಳು ಅಡ್ಡಾದಿಡ್ಡಿ ಹಾದಿರುತ್ತವೆ. ಗಂಡಿನ ರೆಕ್ಕೆಯ ತುದಿ ನೀಲಿ-ಬೂದು. ಮಸುಕು ಫೋಟೊದಲ್ಲಿ ಇದನ್ನೇ ಲದ್ದಿ ಹುಳುವಿನ ಬಿಳಿ ಮಚ್ಚೆ ಅಂದುಕೊಳ್ಳುತ್ತೇವೆ. ಹಿಂದಿನ ರೆಕ್ಕೆ ಎರಡರದ್ದೂ ಬಿಳಿ, ಹಾಗಾಗಿ ಅದು ಇವೆರಡನ್ನು ಬೇರ್ಪಡಿಸದು.

ಕಾಯಿಕೊರಕ ಹೆಲಿಕೊವರ್ಪಾ ಆರ್ಮಿಜೆರಾದಲ್ಲಿ ಮಾತ್ರ ಹಿಂದಿನ ರೆಕ್ಕೆಯೇ ಸಾಕ್ಷಿ. ಅಂಚಿನಲ್ಲಿ ಅಗಲವಾದ ಕಪ್ಪು ಪಟ್ಟಿ. ಆದರೆ ಕೂತ ಪತಂಗ ಅದನ್ನು ಮುಚ್ಚಿಕೊಂಡಿರುತ್ತದೆ! ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ಕೆಲವೊಮ್ಮೆ ರೆಕ್ಕೆ ಸರಿಸುತ್ತದೆ, ಕೆಲವೊಮ್ಮೆ ಹಾರಿಹೋಗುತ್ತದೆ. ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ಮೊದಲೇ ತೆಗೆದಿಟ್ಟುಕೊಳ್ಳಿ. ಫ್ಲ್ಯಾಷ್ ಜಾಸ್ತಿಯಾದರೆ ಕಂದು ಬಣ್ಣ ಹಳದಿಯಾಗಿ ಕಾಣುತ್ತದೆ.

ಮೋಹಕ ಬಲೆಗೆ, ಅಂದರೆ ಹೆಣ್ಣು ಪತಂಗದ ವಾಸನೆಯ ಆಮಿಷ ಇಟ್ಟ ಬಲೆಗೆ, ಬೀಳುವುದು ಗಂಡುಗಳು. ಗುರುತು ಸುಲಭ ಆಗಬೇಕಿತ್ತು, ಅಲ್ವಾ? ಆದರೆ ಒದ್ದಾಡಿ ರೆಕ್ಕೆಯ ಪುಡಿ ಉದುರಿಸಿಕೊಂಡಿರುತ್ತವೆ. ಅವುಗಳ ಫೋಟೊಗೆ ‘ಸ್ಪೊಡಾಪ್ಟೆರಾ, ಯಾವುದೋ ಒಂದು’ ಅಂತ ಬರೆದರೂ ತಪ್ಪಿಲ್ಲ.

ನನಗಂತೂ ಮರಿಹುಳುವೇ ಸುಲಭ. ಸುಳಿಯಲ್ಲಿರುವ ಹುಳುವಿನ ತಲೆ ಮೇಲೆ ತಲೆಕೆಳಗಾದ ವೈ ಅಕ್ಷರ, ಹಿಂಭಾಗದಲ್ಲಿ ಚೌಕಕ್ಕೆ ಇಟ್ಟಂತೆ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಲದ್ದಿ ಹುಳು. ಅದನ್ನೇ ಡಬ್ಬಿಯಲ್ಲಿ ಸ್ವಲ್ಪ ಮಣ್ಣು, ಜೋಳದ ಎಲೆ ಹಾಕಿ ಸಾಕಿ. ಮಣ್ಣಿನೊಳಗೆ ಕೋಶವಾಗಿ ಪತಂಗ ಹೊರಬಂದಾಗ ತೆಗೆದ ಫೋಟೊವನ್ನು ಉಳಿದವುಗಳ ಪಕ್ಕದಲ್ಲಿಟ್ಟು ಹೋಲಿಸಬಹುದು. ಒಂದು ಡಬ್ಬಿಗೆ ಒಂದೇ ಹುಳು ಇಡಿ, ಇಲ್ಲದಿದ್ದರೆ ಒಂದನ್ನೊಂದು ತಿಂದುಬಿಡುತ್ತವೆ.